ವಾಲ್ಸಿಂಗ್‌ಹ್ಯಾಮ್: ಇಂಗ್ಲೆಂಡಿನ ನಜರೇತ್

ಇಂಗ್ಲೆಂಡಿನ ಪೂರ್ವಭಾಗದಲ್ಲಿರುವ ನಾರ್ಫೋಕ್ ಪ್ರಾಂತ್ಯವು ಬೆಟ್ಟಗುಡ್ಡಗಳಿಲ್ಲದ ಬಯಲುಸೀಮೆ. ಗೋಧಿ, ಬಾರ್ಲಿ, ಸಕ್ಕರೆ ಗೆಡ್ಡೆಗಳನ್ನು ಬೆಳೆಯುವ ಹೊಲಗಳ ನಡುವೆ, ಉತ್ತರ ಸಮುದ್ರದ ತೀರದಿಂದ ಸುಮಾರು ಐದು ಮೈಲಿ ಒಳಗೆ, ಸ್ಟಿಫ್‌ಕೀ ಎಂಬ ಕಿರುಹೊಳೆಯ ದಂಡೆಯಲ್ಲಿ ವಾಲ್ಸಿಂಗ್‌ಹ್ಯಾಮ್ ಎಂಬ ಹಳ್ಳಿಯಿದೆ. ಇದರ ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಊರು ಎರಡು ಭಾಗಗಳಾಗಿ ಹಂಚಿಹೋಗಿದೆ. ಒಂದು ಹಿರಿಯ ವಾಲ್ಸಿಂಗ್‌ಹ್ಯಾಮ್, ಇನ್ನೊಂದು ಕಿರಿಯ ವಾಲ್ಸಿಂಗ್‌ಹ್ಯಾಮ್. ವಿನೋದವೆಂದರೆ ಕಿರಿಯದೆಂಬ ಹೆಸರಿನದೇ ದೊಡ್ಡ ಊರು. ಹಿರಿಯದು ಕೆಲವೇ ಮನೆಗಳ ಗುಂಪು. ಹೆಸರುಗಳನ್ನು ಇಟ್ಟ ಕಾಲದಲ್ಲಿ ಹಿರಿಯದೇ ದೊಡ್ಡದಾಗಿತ್ತೇನೋ. ಆದರೆ ಒಬ್ಬ ವಿಧವೆಯ ಪ್ರಾರ್ಥನೆಯಿಂದ ಕಿರಿಯ ಊರಿನ ಭಾಗ್ಯ ಬದಲಾಯಿತು.

ಆ ವಿಧವೆಯ ಹೆಸರು ರಿಚೆಲ್ಡಿಸ್ ದ ಫಾವರ್ಶ್. ಈಕೆಯ ಕಥೆಯನ್ನು ಹೇಳುವ ಲಾವಣಿಯೊಂದನ್ನು ರಿಚರ್ಡ್ ಪಿನ್ಸನ್ ಎಂಬ ಮುದ್ರಕನು 1496ರ ಸುಮಾರಿಗೆ ಅಚ್ಚು ಹಾಕಿಸಿದನು. ಅದರ ಒಂದೇ ಒಂದು ಪ್ರತಿ ಇಂದು ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನ ಗ್ರಂಥಾಲಯದಲ್ಲಿ ಉಳಿದಿದೆ. ಅದು ಹೇಳುವ ಪ್ರಕಾರ 1061ನೇ ಇಸವಿಯಲ್ಲಿ, ಮಾತೆ ಮರಿಯಮ್ಮನವರು ರಿಚೆಲ್ಡಿಸಳಿಗೆ ದರ್ಶನವಿತ್ತು, ಆತ್ಮದಲ್ಲಿ ಆಕೆಯನ್ನು ನಜರೇತಿಗೆ ಕರೆದೊಯ್ದು, ದೇವದೂತ ಗಬ್ರಿಯೇಲನು ಮಂಗಳವಾರ್ತೆಯನ್ನು ತಂದ ಮನೆಯನ್ನು ತೋರಿಸಿದರು. ಆ ಮನೆಯ ಉದ್ದಗಲಗಳನ್ನು ಅಳತೆ ಮಾಡಿಕೊಂಡು ಅಂಥದೇ ಒಂದು ಮನೆಯನ್ನು ನಿನ್ನ ಊರಿನಲ್ಲಿ ಕಟ್ಟಿಸು ಎಂದು ಅಪ್ಪಣೆಯಾಯಿತು. ಮೂರು ಬಾರಿ ಹೀಗೆ ದರ್ಶನವಾಯಿತು. ಮನೆಯನ್ನು ಎಲ್ಲಿ ಕಟ್ಟಬೇಕೆಂಬುದೇ ಸಮಸ್ಯೆ. ಒಂದು ಬೆಳಗ್ಗೆ ಹುಲ್ಲುಗಾವಲೆಲ್ಲ ಇಬ್ಬನಿಯಿಂದ ತೊಯ್ದಿರಲು ಎರಡು ಚೌಕಗಳು ಮಾತ್ರ ಒಣಗಿದ್ದವು. ಬಡಗಿಗಳು ಅವುಗಳಲ್ಲಿ ಒಂದನ್ನು ಆರಿಸಿಕೊಂಡು ಕೆಲಸಕ್ಕೆ ತೊಡಗಿದರೆ ಯಾವ ಮರವೂ ಯಾವುದಕ್ಕೂ ಕೂಡಿಕೊಳ್ಳಲೊಲ್ಲದು. ದಣಿದ ಬಡಗಿಗಳು ಮನೆಗೆ ಹೋದರು; ರಿಚೆಲ್ಡಿಸಳು ರಾತ್ರಿಯೆಲ್ಲ ಜಪಿಸುತ್ತ ಕುಳಿತಳು. ಬೆಳಗಾದಾಗ ಮನೆಯು ಇನ್ನೂರು ಅಡಿಗೂ ಹೆಚ್ಚು ದೂರದಲ್ಲಿ, ಇನ್ನೊಂದು ಚೌಕದಲ್ಲಿ, ಯಾವ ಬಡಗಿಯ ಕೈಗೂ ಸಾಧ್ಯವಾಗದಷ್ಟು ಅಚ್ಚುಕಟ್ಟಾಗಿ ನಿಂತಿತ್ತು.

ಇತಿಹಾಸಕಾರರು ಈ ಇಸವಿಯನ್ನು ಒಪ್ಪುವುದಿಲ್ಲ. ಲಾವಣಿಯು ಘಟನೆ ನಡೆದ ನಾಲ್ಕು ಶತಮಾನಗಳ ನಂತರದ್ದು. ರಿಚೆಲ್ಡಿಸಳ ಮಗ ಜೆಫ್ರಿಯು ಜೆರುಸಲೇಮಿಗೆ ಹೊರಡುವಾಗ, ತನ್ನ ತಾಯಿ ಕಟ್ಟಿಸಿದ ಪ್ರಾರ್ಥನಾಲಯವನ್ನು ದತ್ತಿಯಾಗಿ ಕೊಟ್ಟ ಶಾಸನವಿದೆ. ಆ ದತ್ತಿಯ ಫಲವಾಗಿ ಸಂತ ಅಗಸ್ಟೀನರ ನಿಯಮವನ್ನು ಪಾಲಿಸುವ ಗುರುಮಠವು ಅಲ್ಲಿ ನೆಲೆಗೊಂಡದ್ದು 1153ರ ಸುಮಾರಿಗೆ. ಮಗನ ಕಾಲ ಇದಾದರೆ ತಾಯಿಯ ಕಾಲ 1061 ಆಗಲಾರದು, 1130ರ ಆಸುಪಾಸು ಇರಬೇಕೆಂಬುದು ಅವರ ಲೆಕ್ಕಾಚಾರ. ಈ ವಾದ ನನಗೆ ಒಪ್ಪಿಗೆಯಾಗಿದೆ. ಇದನ್ನು ಒಪ್ಪಿದರೆ ಭಕ್ತಿಗೆ ಕುಂದು ಬರುತ್ತದೆಂದು ಅಂಜುವವರು ನಮ್ಮಲ್ಲಿ ಇದ್ದಾರೆ. ಎಪ್ಪತ್ತು ವರ್ಷ ಹಿಂದುಮುಂದಾದರೆ ಆಕೆಯ ಜಪ ಸುಳ್ಳಾಗುವುದಿಲ್ಲ.

ಆ ಪುಟ್ಟ ಮನೆಯು ಮರದ್ದು. ವಿಲಿಯಂ ವುಸ್ಟರ್ ಎಂಬ ಪ್ರವಾಸಿಯು 1479ರಲ್ಲಿ ಅಳತೆ ಮಾಡಿದಂತೆ ಉದ್ದ 23 ಅಡಿ 6 ಅಂಗುಲ, ಅಗಲ 12 ಅಡಿ 10 ಅಂಗುಲ. ನಮ್ಮ ಹಳ್ಳಿಯ ಒಂದು ಬಡ ಕುಟುಂಬದ ಮನೆಯಷ್ಟು. ಅದರ ಸುತ್ತ ಕಲ್ಲಿನ ಹೊದಿಕೆ ಬಂತು, ಪಕ್ಕದಲ್ಲಿ ಭವ್ಯವಾದ ಮಠದ ದೇವಾಲಯವೆದ್ದಿತು. ಜೆರುಸಲೇಮಿನ ಹಾದಿ ದೂರವಾಗಿಯೂ ಅಪಾಯಕರವಾಗಿಯೂ ಇದ್ದ ಆ ಕಾಲದಲ್ಲಿ ಇಂಗ್ಲೆಂಡಿನ ಸಾಮಾನ್ಯ ಜನರಿಗೆ ಕಾಲ್ನಡಿಗೆಯಲ್ಲಿ ತಲುಪಬಹುದಾದ ನಜರೇತ್ ಇದಾಯಿತು. ಕ್ಯಾಂಟರ್‌ಬರಿಯ ಸಂತ ಥಾಮಸ್ ಬೆಕೆಟರ ಸಮಾಧಿಯನ್ನು ಬಿಟ್ಟರೆ ಇಷ್ಟು ಜನ ಸೇರುವ ಪುಣ್ಯಕ್ಷೇತ್ರ ಆ ದೇಶದಲ್ಲಿ ಮತ್ತೊಂದಿರಲಿಲ್ಲ. ಲಂಡನ್ನಿನಿಂದ ನ್ಯೂಮಾರ್ಕೆಟ್, ಬ್ರಾಂಡನ್, ಫೇಕನ್‌ಹ್ಯಾಮ್ ಊರುಗಳ ಮೂಲಕ ಯಾತ್ರಿಕರು ಬರುತ್ತಿದ್ದರು. ಇನ್ನು ಸಮುದ್ರದ ಮೂಲಕ ಬಂದವರು ಕಿಂಗ್ಸ್ ಲಿನ್ ಬಂದರಿನಲ್ಲಿ ಇಳಿದು ನಡೆಯುತ್ತಿದ್ದರು. ಆಕಾಶಗಂಗೆಯು ಆ ಊರಿನ ಕಡೆಗೇ ಕೈತೋರುತ್ತದೆಂದು ನಂಬಿ, ಅದನ್ನು 'ವಾಲ್ಸಿಂಗ್‌ಹ್ಯಾಮ್ ದಾರಿ' ಎಂದೇ ಕರೆಯುತ್ತಿದ್ದರಂತೆ.

ಯಾತ್ರಿಕರಲ್ಲಿ ಅರಸರೂ ಇದ್ದರು. ಮೂರನೆಯ ಹೆನ್ರಿಯು 1226ರಿಂದ ಮತ್ತೆ ಮತ್ತೆ ಬಂದನು. ಅವನ ಮಗ ಮೊದಲನೆಯ ಎಡ್ವರ್ಡನು ಚದುರಂಗ ಆಡುತ್ತಿದ್ದಾಗ ಕಾರಣವಿಲ್ಲದೆ ಎದ್ದುಹೋದನೆಂದೂ, ಮರುಕ್ಷಣವೇ ಅವನು ಕುಳಿತಿದ್ದ ಜಾಗದ ಮೇಲೆ ಕಮಾನಿನ ಕಲ್ಲು ಕಳಚಿ ಬಿದ್ದಿತೆಂದೂ, ಅಂದಿನಿಂದ ಅವನು ವಾಲ್ಸಿಂಗ್‌ಹ್ಯಾಮಿನ ಮಾತೆಯ ಭಕ್ತನಾದನೆಂದೂ ಹಳೆಯ ಚರಿತ್ರೆ ಹೇಳುತ್ತದೆ. ಅರಸರ ಕಾಣಿಕೆಯಿಂದ ಮಠವು ಶ್ರೀಮಂತವಾಯಿತು. ಶ್ರೀಮಂತಿಕೆಯೊಡನೆ ಅದರ ತೊಡಕುಗಳೂ ಬಂದವು. 1347ರಲ್ಲಿ ಕ್ಲೇರ್‌ನ ಒಡತಿ ಎಲಿಜಬೆತ್ ದ ಬರ್ಗ್ ಎಂಬಾಕೆ ಸಂತ ಫ್ರಾನ್ಸಿಸ್ಕರ ಸಭೆಯ ಸಹೋದರರಿಗೆ ಅದೇ ಊರಿನಲ್ಲಿ ನೆಲೆ ಕಲ್ಪಿಸಲು ಹೊರಟಾಗ, ಹಳೆಯ ಮಠದವರು ಅದು ಬೇಡವೆಂದು ಆಕೆಗೆ ಮನವಿ ಬರೆದರು. ಯಾತ್ರಿಕರ ಕಾಣಿಕೆಯಲ್ಲಿ ಪಾಲು ಹೋದೀತೆಂಬುದೇ ಅವರ ಆತಂಕ. ಬಡತನದ ವ್ರತ ತೊಟ್ಟವರು ಕಾಣಿಕೆ ಪೆಟ್ಟಿಗೆಯ ಲೆಕ್ಕ ಹಾಕಿದ ಈ ಪತ್ರವನ್ನು ಓದುವಾಗ ಗುರುಗಳಾದ ನಾವು ನಗುವಂತೆಯೂ ಇಲ್ಲ. ಒಡತಿ ಅವರ ಮಾತಿಗೆ ಕಿವಿಗೊಡಲಿಲ್ಲ. ಫ್ರಾನ್ಸಿಸ್ಕನ್ನರ ಮಠದ ಪಾಳುಗೋಡೆಗಳು ಇಂದಿಗೂ ಅಲ್ಲಿವೆ.

1512ರಲ್ಲಿ ಮಹಾವಿದ್ವಾಂಸ ಎರಾಸ್ಮಸ್ ಅಲ್ಲಿಗೆ ಬಂದು, ಗ್ರೀಕ್ ಭಾಷೆಯಲ್ಲಿ ತಾನು ರಚಿಸಿದ ಪದ್ಯವನ್ನು ಮಾತೆಗೆ ಅರ್ಪಿಸಿದನು. ಮುಂದೆ 1526ರಲ್ಲಿ ಪ್ರಕಟಿಸಿದ ಸಂವಾದವೊಂದರಲ್ಲಿ ಈ ಕ್ಷೇತ್ರವನ್ನು ವರ್ಣಿಸಿದ್ದಾನೆ: ಕಿಟಕಿಯ ಬೆಳಕಿಲ್ಲದ ಕಿರಿದಾದ ಗುಡಿ, ಮೇಣದ ಬತ್ತಿಗಳ ಬೆಳಕು, ಸುಗಂಧ, ಎಲ್ಲೆಡೆ ಮಿನುಗುವ ಚಿನ್ನ ಬೆಳ್ಳಿ ರತ್ನಗಳು. ಅಲ್ಲಿ ಪ್ರದರ್ಶಿಸುತ್ತಿದ್ದ, ಮಾತೆಯ ಎದೆಹಾಲೆಂದು ಹೇಳಲಾದ ಅವಶೇಷವನ್ನು ಅವನು ಪರಿಹಾಸ್ಯ ಮಾಡುತ್ತಾನೆ. ತನ್ನ ಗ್ರೀಕ್ ಪದ್ಯವನ್ನು ಓದಲಾಗದ ಮಠದವರು, ತಮಗೆ ಅರ್ಥವಾಗದ್ದೆಲ್ಲ ಹೀಬ್ರೂ ಎಂದುಕೊಂಡರೆಂದು ಚುಚ್ಚುತ್ತಾನೆ. ಎರಾಸ್ಮಸ್ ಕಥೋಲಿಕನಾಗಿಯೇ ಬಾಳಿ ಕಥೋಲಿಕನಾಗಿಯೇ ಸತ್ತವನು. ಅವನ ಟೀಕೆಯನ್ನು ಸಕಾಲದಲ್ಲಿ ನಮ್ಮವರೇ ಕೇಳಿಸಿಕೊಂಡಿದ್ದರೆ ಮುಂದೆ ಬಂದ ಅರಸನ ಕಾರಕೂನರಿಗೆ ನೆಪಗಳು ಅಷ್ಟು ಸುಲಭವಾಗಿ ಸಿಗುತ್ತಿರಲಿಲ್ಲವೆಂದು ತೋರುತ್ತದೆ.

ಆ ಅರಸನೇ ಎಂಟನೆಯ ಹೆನ್ರಿ. 1511ರ ಹೊಸವರ್ಷದ ದಿನ ಅವನಿಗೂ ರಾಣಿ ಕ್ಯಾಥರೀನಳಿಗೂ ಗಂಡುಮಗು ಹುಟ್ಟಿತು. ಕೃತಜ್ಞತೆಗೆಂದು ಅವನು ಅದೇ ಜನವರಿಯಲ್ಲಿ ವಾಲ್ಸಿಂಗ್‌ಹ್ಯಾಮಿಗೆ ಬಂದನು. ಈಸ್ಟ್ ಬಾರ್ಷಮ್ ಎಂಬ ಹಳ್ಳಿಯಿಂದ ಬರಿಗಾಲಿನಲ್ಲಿ ನಡೆದನೆಂದು ಪ್ರತೀತಿ. ನಾರ್ಫೋಕಿನ ಜನವರಿ ಚಳಿಯಲ್ಲಿ ಬರಿಗಾಲಿನ ನಡಿಗೆ ಸಾಮಾನ್ಯವಲ್ಲ. ಮಗು ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು. ಆದರೂ ಅರಸನು ಮಾತೆಯ ಮುಂದೆ ತನ್ನ ಹೆಸರಿನಲ್ಲಿ ಉರಿಯುವ ದೀಪಕ್ಕೂ ಅಲ್ಲಿ ಬಲಿಪೂಜೆ ಅರ್ಪಿಸುವ ಗುರುವಿಗೂ ವರ್ಷವರ್ಷವೂ ಹಣ ಕಳುಹಿಸುತ್ತಲೇ ಇದ್ದನು. ರಾಣಿ ಕ್ಯಾಥರೀನಳ ಭಕ್ತಿ ಇನ್ನೂ ಗಾಢವಾದುದು. 1513ರ ಸೆಪ್ಟೆಂಬರಿನಲ್ಲಿ, ಫ್ಲಾಡನ್ ಯುದ್ಧದ ವಿಜಯದ ನಂತರ, ಫ್ರಾನ್ಸಿನಲ್ಲಿದ್ದ ಗಂಡನಿಗೆ ಬರೆದ ಪತ್ರದ ಕೊನೆಯಲ್ಲಿ, ಬಹುದಿನಗಳ ಹರಕೆಯಂತೆ ವಾಲ್ಸಿಂಗ್‌ಹ್ಯಾಮಿಗೆ ಹೊರಟಿದ್ದೇನೆಂದು ತಿಳಿಸುತ್ತಾಳೆ. ಪರಿತ್ಯಕ್ತೆಯಾಗಿ 1536ರಲ್ಲಿ ಸಾಯುವಾಗ, ತನ್ನ ಪರವಾಗಿ ಯಾರಾದರೂ ವಾಲ್ಸಿಂಗ್‌ಹ್ಯಾಮಿಗೆ ಯಾತ್ರೆ ಹೋಗಿ ದಾರಿಯಲ್ಲಿ ಬಡವರಿಗೆ ಇಪ್ಪತ್ತು ಹೊನ್ನು ಹಂಚಬೇಕೆಂದು ಕೋರಿದಳು.

ಅಷ್ಟರೊಳಗೆ ಕಾಲ ತಲೆಕೆಳಗಾಗಿತ್ತು. 1534ರಲ್ಲಿ ಹೆನ್ರಿಯನ್ನು ಇಂಗ್ಲೆಂಡಿನ ಧರ್ಮಸಭೆಯ ಮುಖ್ಯಸ್ಥನೆಂದು ಒಪ್ಪುವ ಪತ್ರಕ್ಕೆ ಸಹಿ ಕೇಳಿದಾಗ ವಾಲ್ಸಿಂಗ್‌ಹ್ಯಾಮಿನ ಮಠಾಧಿಪತಿ ರಿಚರ್ಡ್ ವೊವೆಲರೂ ಅವರ ಸಂನ್ಯಾಸಿಗಳೂ ಸಹಿ ಹಾಕಿದರು. ಹಾಕದವರ ಗತಿಯೇನೆಂಬುದನ್ನು ಮರುವರ್ಷ ಸಂತ ಜಾನ್ ಫಿಶರ್ ಮತ್ತು ಸಂತ ಥಾಮಸ್ ಮೋರರ ಶಿರಚ್ಛೇದವು ತೋರಿಸಿತು. ಸಣ್ಣ ಮಠಗಳನ್ನು ಒಂದೊಂದಾಗಿ ಮುಚ್ಚತೊಡಗಿದಾಗ ಹಳ್ಳಿಯ ಜನರಿಗೆ ತಳಮಳವಾಯಿತು. ಮಠದ ಗಾಯಕವೃಂದದಲ್ಲಿದ್ದ ರಾಲ್ಫ್ ರೋಜರ್‌ಸನ್ ಮತ್ತು ಜಾರ್ಜ್ ಗಿಸ್‌ಬರೋ ಎಂಬ ಸಾಮಾನ್ಯರು, ಮಠಗಳು ಹೋದರೆ ಬಡವರ ಅನ್ನವೂ ಹೋಗುತ್ತದೆಂದು ತಮ್ಮೊಳಗೆ ಮಾತನಾಡಿಕೊಂಡು, ಜನರನ್ನು ಕೂಡಿಸಿ ದಂಗೆಯೇಳುವ ಆಲೋಚನೆ ಮಾಡಿದರು. ಉಪಮಠಾಧಿಪತಿ ನಿಕೋಲಸ್ ಮೈಲ್‌ಹ್ಯಾಮರೂ ಇದರಲ್ಲಿ ಸಿಲುಕಿದರು. ಗುಂಪಿನವರೆಂದು ನಂಬಿಸಿದ ಒಬ್ಬನು ಸುದ್ದಿಯನ್ನು ಸರದಾರರಿಗೆ ಮುಟ್ಟಿಸಿದನು. ಒಂದು ಕತ್ತಿಯೂ ಒರೆಯಿಂದ ಹೊರಬರುವ ಮೊದಲೇ ಎಲ್ಲರೂ ಸೆರೆಯಾದರು. 1537ರ ಮೇ ತಿಂಗಳಲ್ಲಿ ಹನ್ನೊಂದು ಜನರಿಗೆ ಮರಣದಂಡನೆಯಾಯಿತು. ಬೇರೆ ಬೇರೆ ಊರಿನವರು ನೋಡಿ ಹೆದರಲೆಂದು ಅವರನ್ನು ನಾರಿಚ್, ಯಾರ್ಮತ್, ಲಿನ್ ಪಟ್ಟಣಗಳಿಗೆ ಹಂಚಿ ಕೊಂದರು. ನಿಕೋಲಸ್ ಮೈಲ್‌ಹ್ಯಾಮರನ್ನೂ ಜಾರ್ಜ್ ಗಿಸ್‌ಬರೋನನ್ನೂ ವಾಲ್ಸಿಂಗ್‌ಹ್ಯಾಮಿನಲ್ಲಿಯೇ ಗಲ್ಲಿಗೇರಿಸಲಾಯಿತು. ಆ ಹೊಲವನ್ನು ಊರವರು ಇಂದಿಗೂ ರಕ್ತಸಾಕ್ಷಿಗಳ ಹೊಲವೆಂದು ಕರೆಯುತ್ತಾರೆ. ಮರುವರ್ಷ ಮಠವನ್ನು ತಾವಾಗಿಯೇ ಅರಸನಿಗೆ ಒಪ್ಪಿಸಿಕೊಟ್ಟ ಮಠಾಧಿಪತಿ ವೊವೆಲರಿಗೆ ವರ್ಷಕ್ಕೆ ನೂರು ಪೌಂಡು ವಿಶ್ರಾಂತಿವೇತನ ದೊರೆಯಿತು.

ಒಂದೇ ಮಠದ, ಒಂದೇ ಪ್ರಾರ್ಥನೆಯನ್ನು ಹಾಡುತ್ತಿದ್ದ ಈ ಇಬ್ಬರ ವಿಷಯದಲ್ಲಿ ತೀರ್ಪು ಹೇಳುವುದು ಸುಲಭ. ವೊವೆಲರನ್ನು ಹೇಡಿಯೆಂದು ಬರೆದವರು ಅನೇಕರಿದ್ದಾರೆ. ಆದರೆ ಸಹಿ ಹಾಕಿದರೆ ಮಠವಾದರೂ ಉಳಿದೀತು, ತನ್ನ ಕೈಕೆಳಗಿನವರ ಪ್ರಾಣವಾದರೂ ಉಳಿದೀತು ಎಂದು ಲೆಕ್ಕ ಹಾಕುವ ಹಿರಿಯರ ಸಂಕಟವನ್ನು ಸಭೆಯ ಹೊಣೆ ಹೊತ್ತ ಯಾರೂ ಅರಿಯಬಲ್ಲರು. ಲೆಕ್ಕ ತಪ್ಪಿತು, ಮಠ ಉಳಿಯಲಿಲ್ಲ. ಅಷ್ಟನ್ನು ಮಾತ್ರ ಇತಿಹಾಸ ಖಚಿತವಾಗಿ ಹೇಳುತ್ತದೆ. ಮಠದ ಅಧಿಕಾರಿಯು ಉಳಿದು ಹಾಡುಗಾರರು ಸತ್ತರೆಂಬುದೂ ಮರೆಯತಕ್ಕದ್ದಲ್ಲ.

1538ರ ಬೇಸಿಗೆಯಲ್ಲಿ ಮಾತೆಯ ಪ್ರತಿಮೆಯನ್ನು ಲಂಡನ್ನಿಗೆ ಒಯ್ದು ಚೆಲ್ಸಿಯಲ್ಲಿ ಸುಟ್ಟರು. ಪವಿತ್ರ ಗೃಹವೂ ಬೂದಿಯಾಯಿತು. ಮಠದ ಜಾಗವನ್ನು ಥಾಮಸ್ ಸಿಡ್ನಿ ಎಂಬಾತನಿಗೆ ತೊಂಬತ್ತು ಪೌಂಡಿಗೆ ಮಾರಲಾಯಿತು. ದೇವಾಲಯದ ಕಲ್ಲುಗಳು ಜನರ ಮನೆಗೋಡೆಗಳಾದವು. ಪೂರ್ವದ ಮಹಾಕಿಟಕಿಯ ಕಮಾನೊಂದು ಮಾತ್ರ, ಹಿಂದೆ ಗೋಡೆಯಿಲ್ಲದೆ, ಗಾಜಿಲ್ಲದೆ, ಹುಲ್ಲುಹಾಸಿನ ನಡುವೆ ನಿಂತು ಉಳಿಯಿತು.

ಅದಾದ ಮೇಲೆ ನಡೆದ ಒಂದು ಸಣ್ಣ ಸಂಗತಿಯನ್ನು ನಾನು ಈ ಊರಿನ ಚರಿತ್ರೆಯಲ್ಲೆಲ್ಲ ಬೆಲೆಯುಳ್ಳದ್ದೆಂದು ಭಾವಿಸುತ್ತೇನೆ. 1540ರ ಜನವರಿಯಲ್ಲಿ ಸರ್ ರೋಜರ್ ಟೌನ್ಸೆಂಡ್ ಎಂಬ ಅಧಿಕಾರಿಯು ಅರಸನ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನಿಗೆ ಒಂದು ಪತ್ರ ಬರೆದನು. ಹತ್ತಿರದ ವೆಲ್ಸ್ ಊರಿನ ಬಡ ಹೆಂಗಸೊಬ್ಬಳು, ಪ್ರತಿಮೆಯನ್ನು ಲಂಡನ್ನಿಗೆ ಒಯ್ದ ಮೇಲೂ ವಾಲ್ಸಿಂಗ್‌ಹ್ಯಾಮಿನ ಮಾತೆಯು ಪವಾಡ ಮಾಡಿದರೆಂದು ಸುದ್ದಿ ಹಬ್ಬಿಸಿದ್ದಳು. ಅವಳನ್ನು ಹಿಡಿತರಿಸಿ, ಸಂತೆಯ ದಿನ ವಾಲ್ಸಿಂಗ್‌ಹ್ಯಾಮಿನ ಪೇಟೆಯಲ್ಲಿ ಕಾಲುಗಳನ್ನು ಮರದ ಕೊರಡಿನಲ್ಲಿ ಸಿಲುಕಿಸಿ ಕೂರಿಸಿ, ಸುಳ್ಳುಸುದ್ದಿ ಹೇಳುವವಳೆಂಬ ಬರಹದ ಕಾಗದವನ್ನು ತಲೆಗೆ ಕಟ್ಟಿ, ಆಮೇಲೆ ಗಾಡಿಯಲ್ಲಿ ಬೀದಿಬೀದಿ ಮೆರೆಸಿದರು. ಹುಡುಗರು ಅವಳ ಮೇಲೆ ಹಿಮದ ಉಂಡೆಗಳನ್ನು ಎಸೆದರು. ಇಷ್ಟನ್ನೂ ಬರೆದು ಆ ಅಧಿಕಾರಿಯು, ಕೆಲವರ ತಲೆಯಿಂದ ಆ ಪ್ರತಿಮೆ ಇನ್ನೂ ಹೋಗಿಲ್ಲವೆಂದು ವರದಿ ಮಾಡುತ್ತಾನೆ. ಆ ಹೆಂಗಸಿನ ಹೆಸರು ಕೂಡ ನಮಗೆ ಉಳಿದಿಲ್ಲ. ಅವಳಿಗೆ ನೋವು ಕೊಟ್ಟವನ ಪತ್ರದಿಂದಲೇ ಅವಳ ವಿಶ್ವಾಸ ನಮಗೆ ತಿಳಿದುಬಂದಿದೆ.

ಮುಂದಿನ ಮುನ್ನೂರೈವತ್ತು ವರ್ಷ ವಾಲ್ಸಿಂಗ್‌ಹ್ಯಾಮ್ ಒಂದು ಸಾಮಾನ್ಯ ಸಂತೆಯೂರು. ನ್ಯಾಯಾಲಯ, ಸೆರೆಮನೆ, ಛತ್ರಗಳು. 1781ರಲ್ಲಿ ಜಾನ್ ವೆಸ್ಲಿಯವರ ಬೋಧನೆ, 1794ರಲ್ಲಿ ಮೆಥೊಡಿಸ್ಟರ ಪ್ರಾರ್ಥನಾಲಯ. ಇದರಾಚೆಗೆ ಹೇಳುವಂಥದ್ದು ಹೆಚ್ಚಿಲ್ಲ.

ಊರಿಗೆ ಒಂದು ಮೈಲಿ ಮೊದಲು, ಹೌಟನ್ ಸೇಂಟ್ ಜೈಲ್ಸ್ ಎಂಬಲ್ಲಿ, ಹದಿನಾಲ್ಕನೆಯ ಶತಮಾನದ ಸಣ್ಣ ಪ್ರಾರ್ಥನಾಲಯವೊಂದು ದನದ ಕೊಟ್ಟಿಗೆಯಾಗಿ ಉಳಿದುಕೊಂಡಿತ್ತು. ಯಾತ್ರಿಕರ ಪಾಲಕಿಯಾದ ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹೆಸರಿನ ಆ ಗುಡಿಯನ್ನು ಜನರು ಸ್ಲಿಪ್ಪರ್ ಚಾಪೆಲ್ ಎನ್ನುತ್ತಿದ್ದರು. ಯಾತ್ರಿಕರು ಇಲ್ಲಿ ಪಾದರಕ್ಷೆಗಳನ್ನು ಕಳಚಿಟ್ಟು ಕೊನೆಯ ಮೈಲಿಯನ್ನು ಬರಿಗಾಲಿನಲ್ಲಿ ನಡೆಯುತ್ತಿದ್ದುದರಿಂದ ಆ ಹೆಸರು ಬಂತೆಂದು ಸಾಮಾನ್ಯ ವಿವರಣೆ. ನಡುವಿನ ಹಾದಿ ಎಂಬರ್ಥದ ಹಳೆಯ ಪದದಿಂದ ಬಂತೆಂದು ಇನ್ನು ಕೆಲವರು ಹೇಳುತ್ತಾರೆ. ಚಾರ್ಲೊಟ್ ಬಾಯ್ಡ್ ಎಂಬ ಮಹಿಳೆ ತನ್ನ ಆಸ್ತಿಯನ್ನು ಹಳೆಯ ಪವಿತ್ರ ಕಟ್ಟಡಗಳ ಉದ್ಧಾರಕ್ಕೆ ಮುಡಿಪಿಟ್ಟಿದ್ದಳು. ಆಂಗ್ಲಿಕನ್ ಆಗಿದ್ದಾಗಲೇ ಈ ಕೊಟ್ಟಿಗೆಯನ್ನು ಕೊಳ್ಳಲು ಯತ್ನಿಸಿ, 1894ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿ, ಕಡೆಗೆ ಅದನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿ ಧರ್ಮಸಭೆಗೆ ಒಪ್ಪಿಸಿದಳು. 1897ರ ಆಗಸ್ಟ್ 20ರಂದು, ಧರ್ಮಸುಧಾರಣೆಯ ನಂತರದ ಮೊದಲ ಸಾರ್ವಜನಿಕ ಯಾತ್ರೆ ಆ ಗುಡಿಗೆ ಬಂದಿತು. 1934ರ ಆಗಸ್ಟಿನಲ್ಲಿ ಕಾರ್ಡಿನಲ್ ಬೋರ್ನ್‌ರ ಮುಂದಾಳತ್ವದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಭಕ್ತರು ಸೇರಿದರು.

ಈ ನಡುವೆ ಊರೊಳಗೆ ಇನ್ನೊಂದು ಪುನರುತ್ಥಾನ ನಡೆದಿತ್ತು, ಅದು ಆಂಗ್ಲಿಕನ್ ಸಭೆಯವರಿಂದ. 1921ರಲ್ಲಿ ಅಲ್ಲಿನ ಧರ್ಮಕೇಂದ್ರಕ್ಕೆ ಬಂದ ಪಾದ್ರಿ ಆಲ್ಫ್ರೆಡ್ ಹೋಪ್ ಪ್ಯಾಟನ್, ಮಠದ ಹಳೆಯ ಮುದ್ರೆಯಲ್ಲಿದ್ದ ಚಿತ್ರವನ್ನು ಅನುಸರಿಸಿ ಮಾತೆಯ ಪ್ರತಿಮೆಯನ್ನು ಕೆತ್ತಿಸಿ, 1922ರಲ್ಲಿ ತನ್ನ ದೇವಾಲಯದಲ್ಲಿ ಪ್ರತಿಷ್ಠಾಪಿಸಿದರು. ನಾರಿಚ್‌ನ ಆಂಗ್ಲಿಕನ್ ಧರ್ಮಾಧ್ಯಕ್ಷರಿಗೆ ಇದು ಹಿಡಿಸಲಿಲ್ಲ, ಪ್ರತಿಮೆಯನ್ನು ತೆಗೆಯಿರೆಂದರು. ಹೋಪ್ ಪ್ಯಾಟನ್ ಒಪ್ಪಿದರು. ಖಾಸಗಿ ಜಾಗದಲ್ಲಿ ಪವಿತ್ರ ಗೃಹವನ್ನೇ ಹೊಸದಾಗಿ ಕಟ್ಟಿಸಿ, 1931ರಲ್ಲಿ ಮೊದಲಿಗಿಂತ ದೊಡ್ಡ ಮೆರವಣಿಗೆಯಲ್ಲಿ ಪ್ರತಿಮೆಯನ್ನು ಅಲ್ಲಿಗೆ ಕೊಂಡೊಯ್ದರು! ಅಡಿಪಾಯ ಅಗೆಯುವಾಗ ಹಳೆಯ ಬಾವಿಯೊಂದು ಸಿಕ್ಕಿತು, ಅದರ ನೀರನ್ನು ಇಂದು ಯಾತ್ರಿಕರು ಭಕ್ತಿಯಿಂದ ಸ್ವೀಕರಿಸುತ್ತಾರೆ. ಪಾಳುಬಿದ್ದ ಮಠಗಳ ಕಲ್ಲುತುಂಡುಗಳನ್ನು ಆ ಗೃಹದ ಗೋಡೆಗಳಲ್ಲಿ ಸೇರಿಸಿದ್ದಾರೆ.

ಹೀಗೆ ಒಂದೇ ಹಳ್ಳಿಯಲ್ಲಿ ಒಬ್ಬ ತಾಯಿಗೆ ಎರಡು ಗುಡಿಗಳಾದವು. ಮೊದಲು ಪರಸ್ಪರ ಮುಖ ತಿರುಗಿಸಿಕೊಂಡಿದ್ದ ಎರಡೂ ಕಡೆಯವರು ಈಗ ಹಲವು ಸಂದರ್ಭಗಳಲ್ಲಿ ಒಟ್ಟಿಗೆ ಪ್ರಾರ್ಥಿಸುತ್ತಾರೆ. 1964ರಲ್ಲಿ ಮುಚ್ಚಿಹೋದ ರೈಲು ನಿಲ್ದಾಣದ ಕಟ್ಟಡವು 1967ರಲ್ಲಿ ಆರ್ಥೊಡಾಕ್ಸ್ ಸಭೆಯವರ ಸಂತ ಸೆರಾಫಿಮರ ಪ್ರಾರ್ಥನಾಲಯವಾಯಿತು. ಟಿಕೆಟು ಕೊಡುತ್ತಿದ್ದ ಕಟ್ಟಡದ ಮೇಲೆ ಇಂದು ಈರುಳ್ಳಿಯಾಕಾರದ ಕಿರುಗೋಪುರವಿದೆ. 1982ರ ಮೇ 29ರಂದು ಸಂತ ಎರಡನೆಯ ಜಾನ್ ಪಾಲರು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಬಲಿಪೂಜೆ ಅರ್ಪಿಸುವಾಗ ಸ್ಲಿಪ್ಪರ್ ಚಾಪೆಲಿನ ಪ್ರತಿಮೆಯನ್ನು ಬಲಿಪೀಠದ ಬಳಿಗೆ ತರಲಾಯಿತು. ಆಂಗ್ಲಿಕನ್ ಸಭೆಯಿಂದ ಕಥೋಲಿಕ ಐಕ್ಯಕ್ಕೆ ಬಂದ ಗುರುಗಳಿಗಾಗಿಯೂ ಜನರಿಗಾಗಿಯೂ 2011ರಲ್ಲಿ ಸ್ಥಾಪಿಸಿದ ವಿಶೇಷ ಧರ್ಮಪ್ರಾಂತ್ಯಕ್ಕೆ ಇಟ್ಟ ಹೆಸರು ವಾಲ್ಸಿಂಗ್‌ಹ್ಯಾಮಿನ ಮಾತೆಯದೇ. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಕಥೋಲಿಕ ಪುಣ್ಯಕ್ಷೇತ್ರವನ್ನು ಕಿರಿಯ ಬೆಸಿಲಿಕದ ಸ್ಥಾನಕ್ಕೇರಿಸಿದರು.

ಯುದ್ಧದ ದಿನಗಳನ್ನೂ ಈ ಊರು ಕಂಡಿದೆ. ನಾರ್ಫೋಕಿನ ವಿಮಾನನೆಲೆಗಳಲ್ಲಿದ್ದ ಅಮೆರಿಕದ ಸೈನಿಕರು 1945ರ ಮೇ 17ರಂದು ಹಳೆಯ ಮಠದ ಅಂಗಳದಲ್ಲಿ ದಿವ್ಯ ಬಲಿಪೂಜೆಯನ್ನು ಏರ್ಪಡಿಸಿದರು. 1538ರ ನಂತರ ಆ ನೆಲದ ಮೇಲೆ ನಡೆದ ಮೊದಲ ಬಲಿಪೂಜೆ ಅದು. 1948ರಲ್ಲಿ ದೇಶದ ಬೇರೆ ಬೇರೆ ಭಾಗಗಳಿಂದ ಹದಿನಾಲ್ಕು ತಂಡಗಳ ಗಂಡಸರು ಭಾರವಾದ ಓಕ್ ಮರದ ಶಿಲುಬೆಗಳನ್ನು ಹೊತ್ತು, ಲೋಕದ ಶಾಂತಿಗಾಗಿ ಪ್ರಾರ್ಥಿಸುತ್ತ ನಡೆದು ಬಂದರು. ಆ ಶಿಲುಬೆಗಳು ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಾಗಿ ಸ್ಲಿಪ್ಪರ್ ಚಾಪೆಲಿನ ಆವರಣದಲ್ಲಿ ನಿಂತಿವೆ. ಅದೇ ವರ್ಷ ಆರಂಭವಾದ ವಿದ್ಯಾರ್ಥಿಗಳ ಶಿಲುಬೆಯಾತ್ರೆ ಪವಿತ್ರ ವಾರದಲ್ಲಿ ಇಂದಿಗೂ ನಡೆಯುತ್ತದೆ.

ಭಕ್ತಿಗಾಗಿ ಅಲ್ಲದೆ ನೋಡುವ ಕುತೂಹಲದಿಂದ ಹೋಗುವವರಿಗೂ ಇಲ್ಲಿ ಕೊರತೆಯಿಲ್ಲ. ಮುಖ್ಯಬೀದಿಯಲ್ಲಿ ಮರದ ಚೌಕಟ್ಟಿನ, ಮೇಲಂತಸ್ತು ಬೀದಿಯ ಕಡೆಗೆ ಚಾಚಿಕೊಂಡ ಹಳೆಯ ಮನೆಗಳ ಸಾಲುಗಳಿವೆ. ಇವುಗಳಲ್ಲಿ ಹಲವು ಯಾತ್ರಿಕರ ಛತ್ರಗಳಾಗಿದ್ದವು. ಪೇಟೆಯ ನಡುವೆ ಎಂಟು ಮೂಲೆಯ ಹದಿನಾರನೆಯ ಶತಮಾನದ ನೀರುಮನೆ. ಹಳೆಯ ನ್ಯಾಯಾಲಯವನ್ನು ಕಟಕಟೆ ಸಮೇತ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ವೆಲ್ಸ್ ಊರಿಗೆ ಹಳೆಯ ರೈಲುಹಾದಿಯ ಮೇಲೆಯೇ ನಾಲ್ಕು ಮೈಲಿ ಉದ್ದದ, ಹಳಿಗಳ ಅಂತರ ಹತ್ತೂಕಾಲು ಅಂಗುಲವಷ್ಟೇ ಇರುವ ಪುಟಾಣಿ ರೈಲು 1982ರಿಂದ ಓಡುತ್ತಿದೆ. ಮಕ್ಕಳಿಗೆ ಪುಣ್ಯಕ್ಷೇತ್ರಕ್ಕಿಂತ ಇದೇ ಹೆಚ್ಚು ಪ್ರಿಯವಾದರೆ ಆಶ್ಚರ್ಯವಿಲ್ಲ. ಫೆಬ್ರವರಿಯಲ್ಲಿ ಮಠದ ತೋಪಿನ ನೆಲವೆಲ್ಲ ಸ್ನೋಡ್ರಾಪ್ ಎಂಬ ಬಿಳಿಯ ಪುಟ್ಟ ಹೂಗಳಿಂದ ಮುಚ್ಚಿಹೋಗುತ್ತದೆ.

ನಮ್ಮ ಓದುಗರಿಗೆ ಹತ್ತಿರವಾದ ಇನ್ನೊಂದು ಸಂಗತಿಯಿದೆ. ಪ್ರತಿ ಜುಲೈ ತಿಂಗಳಿನಲ್ಲಿ ಬ್ರಿಟನ್ನಿನಲ್ಲಿ ನೆಲೆಸಿರುವ ತಮಿಳು ಭಕ್ತರು ಸಾವಿರಾರು ಸಂಖ್ಯೆಯಲ್ಲಿ ಇಲ್ಲಿಗೆ ಬರುತ್ತಾರೆ. ಅವರಲ್ಲಿ ಬಹುಪಾಲು ಜನ ಶ್ರೀಲಂಕೆಯ ಯುದ್ಧದಿಂದ ನೆಲೆ ಕಳೆದುಕೊಂಡ ಕುಟುಂಬಗಳವರು. ಕೇರಳದ ಸಿರೋ ಮಲಬಾರ್ ಸಭೆಯವರ ಯಾತ್ರೆಯೂ ಅದೇ ತಿಂಗಳಿನಲ್ಲಿ. ರೇಷ್ಮೆ ಸೀರೆಗಳು, ಮುತ್ತುಕೊಡೆಗಳು, ಚೆಂಡೆಯ ನಾದ, ಭಾರತದ ಭಾಷೆಗಳ ಜಪಸರ ಆ ಶಾಂತ ಹಳ್ಳಿಯ ಕಿರುದಾರಿಯನ್ನು ತುಂಬುತ್ತವೆ. ವೇಳಾಂಕಣ್ಣಿಗೆ ಕಾಲ್ನಡಿಗೆಯಲ್ಲಿ ಹೋಗಿಬಂದವರು ನಮ್ಮ ಧರ್ಮಕೇಂದ್ರಗಳಲ್ಲಿ ಬಹಳ ಜನರಿದ್ದಾರೆ. ಸ್ಲಿಪ್ಪರ್ ಚಾಪೆಲಿನ ಮುಂದೆ ಚಪ್ಪಲಿ ಕಳಚಿ ನಡೆಯುವವರನ್ನು ಕಂಡರೆ ಅವರಿಗೆ ವಿವರಿಸಿ ಹೇಳಬೇಕಾದ್ದು ಏನೂ ಇರುವುದಿಲ್ಲ.

1961ರಲ್ಲಿ ಮಠದ ಅಂಗಳವನ್ನು ಉತ್ಖನನ ಮಾಡಿದವರು ಮಹಾದೇವಾಲಯದ ಉತ್ತರಕ್ಕೆ ಮೂಲ ಪವಿತ್ರ ಗೃಹದ ನೆಲೆಯನ್ನು ಗುರುತಿಸಿದರು. ಮಣ್ಣಿನಲ್ಲಿ ಬೂದಿಯ ಪದರವೊಂದು ಕಂಡಿತು. ಆ ಜಾಗದಲ್ಲಿ ಮತ್ತೆ ಏನನ್ನೂ ಕಟ್ಟಿಲ್ಲ. ಹುಲ್ಲಿನ ನಡುವೆ ಒಂದು ಗುರುತು ಮಾತ್ರ ಇದೆ. ಯಾತ್ರಿಕರು ಸ್ವಲ್ಪ ಹೊತ್ತು ಅಲ್ಲಿ ನಿಂತು ಮುಂದೆ ನಡೆಯುತ್ತಾರೆ.